ಐವತ್ತೈದು ಎಂದಿತು ಯಂತ್ರ: ಒಂದು ಸ್ಮಾರ್ಟ್ ತೂಕದ ಯಂತ್ರ, ಅದರ ಆ್ಯಪ್ ಮತ್ತು ಮೂರು ತಿಂಗಳ ಪ್ಯಾಕೇಜಿನ ವಿಮರ್ಶೆ

ಒಂಬತ್ತು ತಿಂಗಳ ಹಿಂದೆ 1,799 ರೂಪಾಯಿ ಕೊಟ್ಟು ಆನ್‌ಲೈನಿನಲ್ಲಿ ಒಂದು ಸ್ಮಾರ್ಟ್ ತೂಕದ ಯಂತ್ರವನ್ನು ತರಿಸಿಕೊಂಡೆ. ಅದರ ಜೊತೆಗೆ ಬರುವ ಆ್ಯಪಿನೊಳಗೆ 3,999 ರೂಪಾಯಿಗೆ ಮೂರು ತಿಂಗಳ ‘ಕೋಚಿಂಗ್’ ಪ್ಯಾಕೇಜನ್ನೂ ಕೊಂಡೆ. ಕಾರಣ ಹೊಸದೇನಲ್ಲ. ದಾವಣಗೆರೆಯ ಒಂದು ಪ್ರೌಢಶಾಲೆಯಲ್ಲಿ ನಾನು ಪಾಠ ಹೇಳುತ್ತೇನೆ, ವಯಸ್ಸು 46, ಎತ್ತರ 158 ಸೆಂಟಿಮೀಟರ್. ಅಪ್ಪ ಅಮ್ಮ ಇಬ್ಬರಿಗೂ ಸಕ್ಕರೆ ಕಾಯಿಲೆ ಇತ್ತು. ಕಳೆದ ವರ್ಷದ ರಕ್ತಪರೀಕ್ಷೆಯಲ್ಲಿ, ಹಿಂದಿನ ಎರಡು ಮೂರು ತಿಂಗಳ ಸಕ್ಕರೆಯ ಸರಾಸರಿಯನ್ನು ತೋರಿಸುವ ನನ್ನ ಎಚ್‌ಬಿಎ1ಸಿ 6.1 ಬಂದಿತು. 5.7ರಿಂದ 6.4ರವರೆಗಿನದು ಮಧುಮೇಹದ ಹೊಸ್ತಿಲು ಎಂದು ಲ್ಯಾಬಿನ ಕಾಗದದಲ್ಲಿಯೇ ಅಚ್ಚಾಗಿತ್ತು. ಎರಡನೆಯ ಮಹಡಿಯ ತರಗತಿಗೆ ಹತ್ತುವಾಗ ಬಲಮೊಣಕಾಲು ಬೇರೆ ತಕರಾರು ತೆಗೆಯಲು ಶುರುಮಾಡಿತ್ತು. ಕಂಪನಿಯ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ನಾನು ಹೇಳಬೇಕೆಂದಿರುವ ದೋಷ ಅದೊಂದರದೇ ಅಲ್ಲ, ಸಹೋದ್ಯೋಗಿಗಳ ಫೋನಿನಲ್ಲಿದ್ದ ಬೇರೆ ಎರಡು ಆ್ಯಪ್‌ಗಳನ್ನು ತೆರೆದು ನೋಡಿದಾಗ ಅವುಗಳಲ್ಲಿಯೂ ಹೆಚ್ಚುಕಡಿಮೆ ಅದನ್ನೇ ಕಂಡೆ.

ಮೊದಲು ಯಂತ್ರದ ವಿಷಯ, ಏಕೆಂದರೆ ಅದರ ಬಗ್ಗೆ ಒಳ್ಳೆಯ ಮಾತನ್ನೇ ಹೇಳಬೇಕಾಗಿದೆ. ಗಾಜಿನ ಹಲಗೆ, ನಾಲ್ಕು ಮೂಲೆಗಳಲ್ಲಿ ಪಾದ ತಗಲುವ ಲೋಹದ ಪಟ್ಟಿಗಳು, ಮೂರು ಚಿಕ್ಕ ಬ್ಯಾಟರಿ ಸೆಲ್ಲುಗಳು. ತೂಕವನ್ನು ಸರಿಯಾಗಿ ತೋರಿಸುತ್ತದೆಯೇ ಎಂಬುದನ್ನು ಪರೀಕ್ಷಿಸಲು ಮನೆಯಲ್ಲಿ ಬಟ್ಟು ಎಲ್ಲಿಂದ ತರುವುದು? ಆ ದಿನವೇ ಬಂದಿದ್ದ, ಸೀಲು ಒಡೆಯದ ಗ್ಯಾಸ್ ಸಿಲಿಂಡರು ನೆರವಿಗೆ ಬಂದಿತು. ಖಾಲಿ ಸಿಲಿಂಡರಿನ ತೂಕ 15.3 ಕೆಜಿ ಎಂದು ಅದರ ಕೊರಳಿನಲ್ಲಿಯೇ ಬರೆದಿತ್ತು. ಒಳಗಿನ ಅನಿಲ 14.2 ಕೆಜಿ ಸೇರಿದರೆ 29.5 ಆಗಬೇಕು. ಗಾಜು ಸೀಳದಿರಲೆಂದು ಮೇಲೆ ಮಣೆಯೊಂದನ್ನು ಇಟ್ಟು, ಆ ಮಣೆಯ ತೂಕವನ್ನು ಕಳೆದು ನೋಡಿದಾಗ 29.4 ಬಂದಿತು. ನನಗೆ ಅಷ್ಟು ಸಾಕು. ಆದರೆ ನೆಲ ಸಮತಟ್ಟಾಗಿರಬೇಕು. ಅಡುಗೆಮನೆಯ ಹಳೆಯ ಕಡಪಾ ಕಲ್ಲಿನ ಮೇಲೆ ಒಂದು ಕಾಲು ತುಸು ಎದ್ದು ನಿಂತು, ಅದೇ ಸಿಲಿಂಡರು ಒಂದೂವರೆ ಕೆಜಿ ಕಡಿಮೆಯಾಗಿಬಿಟ್ಟಿತು. ಈಗ ಅದನ್ನು ಹಜಾರದ ಟೈಲ್ಸಿನ ಮೇಲೆ, ಒಂದೇ ಜಾಗದಲ್ಲಿ ಇಟ್ಟಿದ್ದೇನೆ.

ಕೊಬ್ಬು, ಸ್ನಾಯು, ಮೂಳೆ, ‘ದೇಹದ ವಯಸ್ಸು’ ಮುಂತಾಗಿ ಯಂತ್ರವು ತೋರಿಸುವ ಉಳಿದ ಹನ್ನೆರಡು ಅಂಕಿಗಳ ಬಗ್ಗೆ ನನಗೆ ಅಷ್ಟು ಗೌರವವಿಲ್ಲ. ಇಂಥ ಯಂತ್ರಗಳು ಒಂದು ಪಾದದಿಂದ ಇನ್ನೊಂದಕ್ಕೆ ಅತ್ಯಂತ ಸಣ್ಣ ವಿದ್ಯುತ್ತನ್ನು ಹರಿಸಿ, ದೇಹವು ಅದಕ್ಕೆ ಎಷ್ಟು ತಡೆ ಒಡ್ಡಿತು ಎಂಬುದನ್ನು ಮಾತ್ರ ಅಳೆಯುತ್ತವೆ. ನೀರಿನಂಶ ಹೆಚ್ಚಿರುವ ಸ್ನಾಯುವಿನಲ್ಲಿ ವಿದ್ಯುತ್ತು ಸುಲಭವಾಗಿ ಹರಿಯುತ್ತದೆ, ಕೊಬ್ಬಿನಲ್ಲಿ ಹರಿಯುವುದಿಲ್ಲ. ಉಳಿದದ್ದೆಲ್ಲ ನಾವು ತುಂಬಿದ ವಯಸ್ಸು, ಎತ್ತರ, ಲಿಂಗಗಳನ್ನು ಇಟ್ಟುಕೊಂಡು ಆ್ಯಪು ಮಾಡುವ ಅಂದಾಜು. ಬೆಳಿಗ್ಗೆ ಎದ್ದಾಗ ಶೇ. 41 ಇದ್ದ ನನ್ನ ಕೊಬ್ಬು ಸ್ನಾನ ಮುಗಿಸಿ ಒದ್ದೆಪಾದದಲ್ಲಿ ನಿಂತಾಗ ಶೇ. 39 ಆಗಿತ್ತು. ಕುತೂಹಲಕ್ಕೆಂದು ಆ್ಯಪಿನಲ್ಲಿ ‘ಅಥ್ಲೀಟ್’ ಎಂಬ ಗುಂಡಿಯನ್ನು ಒತ್ತಿದೆ, ಕೊಬ್ಬು ಇನ್ನೂ ಆರು ಅಂಶ ಇಳಿಯಿತು. ಎರಡು ನಿಮಿಷದಲ್ಲಿ ಹೀಗೆ ಕ್ರೀಡಾಪಟುವಾದವರು ನಮ್ಮ ಶಾಲೆಯ ಇತಿಹಾಸದಲ್ಲಿ ಬೇರೆ ಯಾರೂ ಇಲ್ಲ. ದೇಹದೊಳಗೆ ಪೇಸ್‌ಮೇಕರ್ ಇರುವವರು ಮತ್ತು ಗರ್ಭಿಣಿಯರು ಈ ಅಳತೆಯನ್ನು ಬಳಸಬಾರದು ಎಂಬ ಎಚ್ಚರಿಕೆ ಕೈಪಿಡಿಯ ಕೊನೆಯ ಪುಟದಲ್ಲಿ, ಭೂತಗನ್ನಡಿ ಬೇಕಾಗುವಷ್ಟು ಸಣ್ಣ ಅಕ್ಷರಗಳಲ್ಲಿದೆ.

ನನ್ನ ಮುಖ್ಯ ದೂರು ಇರುವುದು ಆ್ಯಪಿನ ಮೂರನೆಯ ಪರದೆಯ ಬಗ್ಗೆ. ಹೆಸರು, ವಯಸ್ಸು, ಎತ್ತರಗಳನ್ನು ಕೇಳಿ, ಯಂತ್ರದಿಂದ ತೂಕವನ್ನು ತಾನೇ ತೆಗೆದುಕೊಂಡ ಆ್ಯಪು (ಅಂದು ನನ್ನ ತೂಕ 78.4 ಕೆಜಿ) ‘ನಿಮ್ಮ ಗುರಿ ತೂಕ ಎಷ್ಟು?’ ಎಂದು ಕೇಳಿತು. ಉತ್ತರ ಹೇಳದೆ ಮುಂದೆ ಹೋಗಲು ದಾರಿಯಿಲ್ಲ. ‘ಆಮೇಲೆ ಹೇಳುತ್ತೇನೆ’, ‘ವೈದ್ಯರನ್ನು ಕೇಳಿ ಹೇಳುತ್ತೇನೆ’ ಎಂಬ ಗುಂಡಿಗಳಿಲ್ಲ. ಹಿಂದೆಮುಂದೆ ಜಾರಿಸುವ ಒಂದು ಗೆರೆ ಇದೆ, ನಾನು ಯೋಚಿಸುವ ಮೊದಲೇ ಅದರ ಮುಳ್ಳು 55ರ ಮೇಲೆ ಹೋಗಿ ಕುಳಿತಿತ್ತು. ಕೆಳಗೆ ಹಸಿರು ಬಣ್ಣದಲ್ಲಿ ‘ನಿಮಗೆ ಶಿಫಾರಸು ಮಾಡಿರುವ ತೂಕ’ ಎಂಬ ಬರಹ, ಅದರ ಕೆಳಗೆ ಆ ತೂಕವನ್ನು ನಾನು ಮುಟ್ಟುವ ದಿನಾಂಕ. ವಾರಕ್ಕೆ ಅರ್ಧ ಕೆಜಿಯಂತೆ 47 ವಾರ. ತಿಂಗಳು, ತಾರೀಖು, ವಾರ ಸಹಿತ ಮುಹೂರ್ತವಿಟ್ಟ ಹಾಗಿತ್ತು.

ಚಿಕ್ಕವಳಿದ್ದಾಗ ರೈಲು ನಿಲ್ದಾಣದಲ್ಲಿ ಬಣ್ಣಬಣ್ಣದ ದೀಪಗಳು ತಿರುಗುತ್ತಿದ್ದ ದೊಡ್ಡ ತೂಕದ ಯಂತ್ರದ ಮೇಲೆ ಹತ್ತಿ ನಾಣ್ಯ ಹಾಕಿದರೆ ಒಂದು ದಪ್ಪ ಚೀಟಿ ಟಕ್ಕೆಂದು ಬೀಳುತ್ತಿತ್ತು. ಅದರ ಒಂದು ಬದಿಯಲ್ಲಿ ತೂಕ, ಇನ್ನೊಂದು ಬದಿಯಲ್ಲಿ ಭವಿಷ್ಯ. ಭವಿಷ್ಯವನ್ನು ಯಾರೂ ನಂಬುತ್ತಿರಲಿಲ್ಲ, ಓದಿ ನಕ್ಕು ಚೀಟಿಯನ್ನು ಪುಸ್ತಕದೊಳಗೆ ಇಟ್ಟುಕೊಳ್ಳುತ್ತಿದ್ದೆವು. ಆ್ಯಪಿನ ಚೀಟಿಯನ್ನು ಮಾತ್ರ ನಾನು ನಂಬಿಬಿಟ್ಟೆ. ಅದಕ್ಕೊಂದು ಕಾರಣವೂ ಇತ್ತು. ಮದುವೆಯಾದ ವರ್ಷ ನನ್ನ ತೂಕ 54 ಕೆಜಿ. ಆ ಸಮಯದ ಹಸಿರು ಬಾರ್ಡರಿನ ರವಿಕೆಯೊಂದು ಇಂದಿಗೂ ಟ್ರಂಕಿನಲ್ಲಿ ನುಸಿಗುಳಿಗೆಗಳ ನಡುವೆ ಮಡಚಿ ಮಲಗಿದೆ. ಯಂತ್ರ 55 ಎಂದಾಗ ನನಗೆ ಕಂಡದ್ದು ಆರೋಗ್ಯವಲ್ಲ, ಆ ರವಿಕೆ. ಕಂಪನಿಯ ಲೆಕ್ಕವೂ ನನ್ನ ಆಸೆಯೂ ಒಂದೇ ಅಂಕಿಯಲ್ಲಿ ಕೂಡಿಕೊಂಡಿದ್ದರಿಂದ ಪ್ರಶ್ನೆ ಕೇಳುವ ಗೋಜಿಗೆ ಹೋಗದೆ ‘ಒಪ್ಪಿದೆ’ ಎಂದು ಒತ್ತಿದೆ.

ಆ 55 ಎಲ್ಲಿಂದ ಬಂದಿತು ಎಂಬುದನ್ನು ಆಮೇಲೆ ಕಾಗದ ಪೆನ್ನು ಹಿಡಿದು ಲೆಕ್ಕಹಾಕಿದೆ. ಎತ್ತರವನ್ನು ಮೀಟರಿನಲ್ಲಿ ಬರೆದು, ಅದನ್ನು ಅದರಿಂದಲೇ ಗುಣಿಸಿ, 22ರಿಂದ ಗುಣಿಸಿದರೆ ನನಗೆ ಬರುವುದು 54.9. ಅಂದರೆ ಬಿಎಂಐ (ಕೆಜಿಯಲ್ಲಿರುವ ತೂಕವನ್ನು ಮೀಟರಿನಲ್ಲಿರುವ ಎತ್ತರದ ವರ್ಗದಿಂದ ಭಾಗಿಸಿದಾಗ ಬರುವ ಅಂಕಿ) 22 ಎಂಬುದನ್ನು ಎಲ್ಲರಿಗೂ ಅಂಟಿಸುವ ಚೀಟಿಯನ್ನಾಗಿ ಆ್ಯಪು ಇಟ್ಟುಕೊಂಡಿದೆ. ಬಿಎಂಐ ಹುಟ್ಟಿದ್ದು ಯಾರಿಗೂ ಗುರಿ ಹೇಳುವುದಕ್ಕಲ್ಲ. 1830ರ ದಶಕದಲ್ಲಿ ಬೆಲ್ಜಿಯಂನ ಅಡಾಲ್ಫ್ ಕೆಟ್ಲೆ ಎಂಬ ಖಗೋಳ ಮತ್ತು ಸಂಖ್ಯಾಶಾಸ್ತ್ರಜ್ಞ ಜನಸಮುದಾಯದ ‘ಸರಾಸರಿ ಮನುಷ್ಯ’ನನ್ನು ಹುಡುಕುತ್ತ ಈ ಅನುಪಾತವನ್ನು ಗಮನಿಸಿದ. ಅದಕ್ಕೆ ಬಿಎಂಐ ಎಂಬ ಹೆಸರು ಬಂದದ್ದು 1972ರಲ್ಲಿ, ಅಮೆರಿಕದ ಆನ್ಸೆಲ್ ಕೀಸ್ ಮತ್ತು ಸಂಗಡಿಗರ ಲೇಖನದಿಂದ. ಭಾರತೀಯರಿಗೆ 23ರ ಮೇಲೆ ಅಧಿಕ ತೂಕ, 25ರ ಮೇಲೆ ಬೊಜ್ಜು ಎಂದು ನಮ್ಮ ವೈದ್ಯರು ಗೆರೆಯನ್ನು ಕೆಳಗಿಳಿಸಿದ್ದಕ್ಕೆ ಸರಿಯಾದ ಕಾರಣವಿದೆ. ನಮ್ಮಲ್ಲಿ ಕಡಿಮೆ ತೂಕಕ್ಕೇ ಹೊಟ್ಟೆಯ ಸುತ್ತ ಕೊಬ್ಬು ಸೇರುತ್ತದೆ, ಸಕ್ಕರೆ ಕಾಯಿಲೆ ಬೇಗ ಹತ್ತುತ್ತದೆ. ಆದರೆ ಅಪಾಯ ಎಲ್ಲಿಂದ ಶುರುವಾಗುತ್ತದೆ ಎಂದು ತೋರಿಸುವ ಗೆರೆ ಬೇರೆ, 46 ವರ್ಷದ ಒಬ್ಬ ಹೆಂಗಸು ಎಲ್ಲಿಗೆ ಹೋಗಿ ನಿಲ್ಲಬೇಕು ಎಂದು ಹೇಳುವ ಅಂಕಿ ಬೇರೆ.

ಒಂದೇ ಬಿಎಂಐ ಎಂದರೆ ಒಂದೇ ದೇಹವಲ್ಲ ಎಂಬುದಕ್ಕೆ ನನಗೆ ಬಹಳ ಇಷ್ಟವಾದ ಉದಾಹರಣೆಯೊಂದಿದೆ. ಪುಣೆಯ ವೈದ್ಯ ಚಿತ್ತರಂಜನ್ ಯಾಜ್ಞಿಕ್ ಮತ್ತು ಲಂಡನ್ನಿನ ವೈದ್ಯ ಜಾನ್ ಯುಡ್ಕಿನ್ ಪಕ್ಕಪಕ್ಕದಲ್ಲಿ ನಿಂತಿರುವ ಚಿತ್ರವೊಂದು 2004ರಲ್ಲಿ ಲ್ಯಾನ್ಸೆಟ್ ಎಂಬ ವೈದ್ಯಕೀಯ ಪತ್ರಿಕೆಯಲ್ಲಿ ಪ್ರಕಟವಾಯಿತು. ಇಬ್ಬರ ಬಿಎಂಐಯೂ 22.3. ಯುಡ್ಕಿನ್ನರ ದೇಹದಲ್ಲಿ ಕೊಬ್ಬು ಶೇ. 9.1, ಯಾಜ್ಞಿಕರ ದೇಹದಲ್ಲಿ ಶೇ. 21.2. ನನ್ನ ಆ್ಯಪು ಇಬ್ಬರಿಗೂ ಹಸಿರು ಎಲೆಯ ಗುರುತು ಕೊಟ್ಟು ಕಳಿಸುತ್ತಿತ್ತು.

ಬೇರೆ ಸೂತ್ರಗಳನ್ನೂ ನೋಡಿದೆ. ಎತ್ತರದಿಂದ ನೂರು ಕಳೆಯಬೇಕೆನ್ನುವ, ಫ್ರೆಂಚ್ ವೈದ್ಯ ಬ್ರೋಕಾನ ಹೆಸರಿನ ಹಳೆಯ ಲೆಕ್ಕದಲ್ಲಿ ನನಗೆ 58 ಬರುತ್ತದೆ. 1974ರ ಡೆವಿನ್ ಸೂತ್ರವೆಂಬುದರಲ್ಲಿ ಐವತ್ತೂವರೆಗಿಂತ ಸ್ವಲ್ಪ ಮೇಲೆ. ಈ ಸೂತ್ರವನ್ನು ಮಾಡಿದ್ದೇ ಔಷಧದ ಪ್ರಮಾಣವನ್ನು ನಿರ್ಧರಿಸುವುದಕ್ಕೆ, ಆದರೂ ಅದು ಇಂದು ‘ಆದರ್ಶ ತೂಕ’ ಎಂಬ ಹಣೆಪಟ್ಟಿ ಹೊತ್ತು ಎಲ್ಲೆಡೆ ಓಡಾಡುತ್ತಿದೆ. ಐಸಿಎಂಆರ್ (ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ) 2020ರಲ್ಲಿ ಪೋಷಕಾಂಶಗಳ ಲೆಕ್ಕಕ್ಕೆಂದು ಇಟ್ಟುಕೊಂಡ ‘ಮಾದರಿ ಭಾರತೀಯ ಮಹಿಳೆ’ಯ ತೂಕ 55 ಕೆಜಿ. ಅದನ್ನು ಓದಿ ನಾನು ಒಂದು ಕ್ಷಣ ಹಿಗ್ಗಿದ್ದೂ ಉಂಟು, ಆದರೆ ಆ ಮಹಿಳೆಯ ಎತ್ತರ 162 ಸೆಂಟಿಮೀಟರ್, ವಯಸ್ಸು ನನ್ನದಕ್ಕಿಂತ ಬಹಳ ಕಡಿಮೆ.

ಇನ್ನು ಆ ಜಾರುವ ಗೆರೆಯ ವರ್ತನೆ. ಒಂದು ಸಂಜೆ ಗುರಿಯನ್ನು ಬದಲಿಸಿ ನೋಡೋಣವೆಂದು ಮುಳ್ಳನ್ನು 72ಕ್ಕೆ ತಂದೆ. ಕೂಡಲೇ ಗೆರೆ ಕೆಂಪಾಯಿತು. ‘ಈ ಗುರಿ ಆರೋಗ್ಯಕರ ವ್ಯಾಪ್ತಿಯಲ್ಲಿಲ್ಲ’ ಎಂಬ ಎಚ್ಚರಿಕೆ ಬಂದಿತು. ಇನ್ನೊಂದು ತುದಿಗೆ ಎಳೆದು 47ರ ಮೇಲೆ ಇಟ್ಟೆ. ಹಸಿರು ಎಲೆ! ಬಿಎಂಐ 18.5ಕ್ಕೆ ಸರಿಯಾಗುವ 46.2ರವರೆಗೂ ಅದಕ್ಕೆ ಯಾವ ಅಡ್ಡಿಯೂ ಕಾಣುವುದಿಲ್ಲ. 78 ಕೆಜಿಯ ಮಧ್ಯವಯಸ್ಕಳೊಬ್ಬಳು 31 ಕೆಜಿ ಕಳೆದುಕೊಳ್ಳುತ್ತೇನೆಂದರೆ ಬೆನ್ನುತಟ್ಟುವ, ಆರು ಕೆಜಿ ಕಳೆದುಕೊಳ್ಳುತ್ತೇನೆಂದರೆ ಗದರಿಸುವ ಈ ವ್ಯವಸ್ಥೆಯನ್ನು ರೂಪಿಸಿದವರು ಒಮ್ಮೆಯಾದರೂ ರೋಗಿಗಳ ಜೊತೆ ಕುಳಿತವರಿರಲಾರರು. ನಮ್ಮ ಒಂಬತ್ತನೆಯ ತರಗತಿಯ ಹುಡುಗಿಯರ ಕೈಗೂ ಇದೇ ಫೋನು ಸಿಗುತ್ತದೆ ಎಂಬುದು ನೆನಪಾದಾಗ ನನಗೆ ನಿಜಕ್ಕೂ ಸಿಟ್ಟು ಬಂದಿತು. ವಯಸ್ಸಿನ ಜಾಗದಲ್ಲಿ 18 ಎಂದು ತುಂಬಿದರೆ ಆ್ಯಪು ಬೇರೇನನ್ನೂ ಕೇಳುವುದಿಲ್ಲ.

ದಿನಾಂಕದ ಭವಿಷ್ಯವೂ ಟೊಳ್ಳು. 7,700 ಕ್ಯಾಲೊರಿ ಉಳಿಸಿದರೆ ಒಂದು ಕೆಜಿ ಇಳಿಯುತ್ತದೆ ಎಂಬ ಲೆಕ್ಕವನ್ನು ಆ್ಯಪು ಮೊದಲ ದಿನದಿಂದ ಕೊನೆಯ ದಿನದವರೆಗೆ ಒಂದೇ ಸಮನೆ ಎಳೆಯುತ್ತದೆ. ಅಮೆರಿಕದ ವೈದ್ಯ ಮ್ಯಾಕ್ಸ್ ವಿಶ್‌ನಾಫ್‌ಸ್ಕಿ 1958ರಲ್ಲಿ ಹೇಳಿದ, ಒಂದು ಪೌಂಡಿಗೆ 3,500 ಕ್ಯಾಲೊರಿ ಎಂಬ ಸೂತ್ರದ ಕೆಜಿ ರೂಪವಿದು. ದೇಹ ಹಗುರವಾದಂತೆ ಅದರ ದಿನದ ಖರ್ಚೂ ಇಳಿಯುತ್ತದೆ, ಹಸಿವು ಏರುತ್ತದೆ. ಆದ್ದರಿಂದ ಮೊದಲ ತಿಂಗಳಿನಲ್ಲಿ ಇಳಿದಷ್ಟು ಎಂಟನೆಯ ತಿಂಗಳಿನಲ್ಲಿ ಇಳಿಯುವುದಿಲ್ಲ. ಈ ಮಾತನ್ನು ನನಗೆ ಕೋಚ್ ಹೇಳಲಿಲ್ಲ. ಐದನೆಯ ವಾರ ಮುಳ್ಳು ನಿಂತಲ್ಲಿಯೇ ನಿಂತಾಗ ‘ನೀವು ಊಟವನ್ನು ಸರಿಯಾಗಿ ದಾಖಲಿಸುತ್ತಿಲ್ಲ’ ಎಂಬ ಸಂದೇಶ ಬಂದಿತು.

ಕೋಚಿಂಗಿನ ಬಗ್ಗೆ ಹೆಚ್ಚು ಬರೆಯುವ ಆಸೆ ಇಲ್ಲ. ವಾರಕ್ಕೊಂದು ಕರೆ, ಅದೂ ಹಿಂದಿ ಇಲ್ಲವೇ ಇಂಗ್ಲಿಷಿನಲ್ಲಿ. ಮಾತು ಮೃದುವಾಗಿತ್ತು, ಆ ಹುಡುಗಿಯ ಮೇಲೆ ನನಗೆ ದೂರಿಲ್ಲ. ದಿನಕ್ಕೆ 1,200 ಕ್ಯಾಲೊರಿಯ ಪಟ್ಟಿಯನ್ನು ಕಳಿಸಿದರು, ಅದರಲ್ಲಿ ಓಟ್ಸ್, ಪನೀರ್, ಬೇಯಿಸಿದ ಬ್ರೊಕೊಲಿ. ಆ್ಯಪಿನ ಆಹಾರದ ಪಟ್ಟಿಯಲ್ಲಿ ಜೋಳದ ರೊಟ್ಟಿ ಸಿಕ್ಕಿತು, ಆದರೆ ಅಂಗೈಯಗಲದ್ದು. ನಮ್ಮಲ್ಲಿ ತಟ್ಟುವ ರೊಟ್ಟಿಯ ಅಗಲವನ್ನು ಅದು ಕಂಡಿಲ್ಲ. ದಾವಣಗೆರೆಯಲ್ಲಿ ಕುಳಿತು ಬೆಣ್ಣೆದೋಸೆಯನ್ನು ಹುಡುಕಿದರೆ ‘ಸಾದಾ ದೋಸೆ’ಯನ್ನು ತೋರಿಸುತ್ತದೆ, ಮೇಲಿನ ಬೆಣ್ಣೆಯ ಮುದ್ದೆ ಯಾರ ಲೆಕ್ಕಕ್ಕೂ ಸೇರುವುದಿಲ್ಲ. ಅದರಿಂದ ನನಗೆ ಲಾಭವೇ ಆಯಿತೆನ್ನಬೇಕು.

ಎರಡನೆಯ ತಿಂಗಳಿನ ಕೊನೆಗೆ, ಕೂದಲು ಉದುರುತ್ತಿದೆ, ಸಂಜೆ ನಾಲ್ಕಕ್ಕೆ ಕೈ ನಡುಗುತ್ತದೆ ಎಂಬ ಕಾರಣಕ್ಕೆ, ಊರಿನ ಒಂದು ಆಸ್ಪತ್ರೆಯ ಹೊರರೋಗಿ ವಿಭಾಗದಲ್ಲಿ ಆಹಾರ ತಜ್ಞೆಯೊಬ್ಬರನ್ನು ಕಂಡೆ. ಶುಲ್ಕ 400 ರೂಪಾಯಿ. ಈ ವಿಮರ್ಶೆಯಲ್ಲಿ ಹೋಲಿಕೆಗೆ ಅದನ್ನೂ ಸೇರಿಸುತ್ತಿದ್ದೇನೆ, ಏಕೆಂದರೆ ಕೆಲಸ ಒಂದೇ, ಅಂದರೆ ಒಬ್ಬ ವ್ಯಕ್ತಿಗೆ ಗುರಿ ತೂಕವನ್ನು ನಿಗದಿಮಾಡಿ ಕೊಡುವುದು. ಆ್ಯಪು ಅದನ್ನು ನಾಲ್ಕು ಸೆಕೆಂಡಿನಲ್ಲಿ ಮಾಡಿತ್ತು, ಇವರಿಗೆ ನಲವತ್ತು ನಿಮಿಷ ಹಿಡಿಯಿತು.

ಅವರು ಮೊದಲು ಕೇಳಿದ್ದು, ಇಪ್ಪತ್ತೈದು ದಾಟಿದ ಮೇಲೆ ವಿಶೇಷ ಪ್ರಯತ್ನವಿಲ್ಲದೆ ಒಂದು ವರ್ಷವಾದರೂ ನಿಂತಿದ್ದ ಅತಿ ಕಡಿಮೆ ತೂಕ ಎಷ್ಟು ಎಂದು. ಯೋಚಿಸಿ 66 ಎಂದೆ. ಎರಡನೆಯ ಹೆರಿಗೆಯ ನಂತರ, ಶಾಲೆಗೆ ನಡೆದೇ ಹೋಗುತ್ತಿದ್ದ ಕಾಲದ ತೂಕ ಅದು. ಆಮೇಲೆ ಈ ಹಿಂದೆ ಎಷ್ಟು ಸಲ ಇಳಿಸಿದ್ದೀರಿ, ಎಷ್ಟು ಮರಳಿ ಬಂದಿತು, ಮನೆಯಲ್ಲಿ ಅಡುಗೆ ಯಾರದು, ಮುಟ್ಟು ಹೇಗಿದೆ, ಥೈರಾಯ್ಡ್ ನೋಡಿಸಿದ್ದೀರಾ, ನಿದ್ರೆ ಎಷ್ಟು ಗಂಟೆ ಎಂದು ಕೇಳಿದರು. ಟೇಪು ತೆಗೆದು ಸೊಂಟ ಅಳೆದರು, 96 ಸೆಂಟಿಮೀಟರ್. ಭಾರತೀಯ ಹೆಂಗಸರಿಗೆ 80, ಗಂಡಸರಿಗೆ 90 ದಾಟಿದರೆ ಎಚ್ಚರಿಕೆ ಬೇಕು ಎಂದು ಹೇಳಿ, ಆ ಟೇಪನ್ನು ಮಡಚುತ್ತ ‘ಈ ತೂಕ ಇಳಿಸುವುದು ಯಾವುದಕ್ಕೆ?’ ಎಂದು ಕೇಳಿದರು. ಸಕ್ಕರೆಗೆ ಮತ್ತು ಮೊಣಕಾಲಿಗೆ ಎಂದೆ. ರವಿಕೆಯ ವಿಷಯವನ್ನು ಹೇಳಲಿಲ್ಲ, ಆದರೆ 55 ಎಂಬ ಅಂಕಿಯನ್ನು ಹೇಳಿದೆ. ಅವರು ನಗಲಿಲ್ಲ. ‘55ಕ್ಕೆ ಬಂದಿರಿ ಎಂದಿಟ್ಟುಕೊಳ್ಳೋಣ. ಅಲ್ಲಿಯೇ ಉಳಿಯಲು ದಿನವೂ ಏನು ತಿನ್ನುತ್ತೀರಿ, ಎಷ್ಟು ಹೊತ್ತು ನಡೆಯುತ್ತೀರಿ, ಅದನ್ನು ಎಷ್ಟು ವರ್ಷ ಮಾಡುತ್ತೀರಿ?’ ಎಂದರು. ನನ್ನ ಬಳಿ ಉತ್ತರವಿರಲಿಲ್ಲ. 1,200 ಕ್ಯಾಲೊರಿಯಲ್ಲಿ ಎರಡು ತಿಂಗಳಿಗೇ ಕೈ ನಡುಗುತ್ತಿತ್ತು.

ಆಗ ಅವರು ಔಷಧ ಚೀಟಿಯ ಹಿಂಬದಿಯಲ್ಲಿ ಬರೆದುಕೊಟ್ಟದ್ದು ಇಷ್ಟು. ಈಗಿನ ತೂಕವಲ್ಲ, ಶುರುಮಾಡಿದಾಗಿನ 78.4ರ ಶೇ. 7, ಅಂದರೆ ಐದೂವರೆ ಕೆಜಿ, ಆರು ತಿಂಗಳಿನಲ್ಲಿ. ಮೊದಲ ಗುರಿ ‘72ರಿಂದ 73’. ಅಲ್ಲಿಗೆ ಬಂದ ಮೇಲೆ ಮೂರು ತಿಂಗಳು ಇಳಿಸುವ ಪ್ರಯತ್ನವನ್ನೇ ಮಾಡದೆ ಅಲ್ಲಿಯೇ ನಿಲ್ಲುವುದು. ಸೊಂಟ 90ರೊಳಗೆ. ಮೂರು ತಿಂಗಳಿಗೊಮ್ಮೆ ಎಚ್‌ಬಿಎ1ಸಿ. ಮುಂದಿನ ಗುರಿಯ ಜಾಗ ಖಾಲಿ. ಒಂದೇ ಅಂಕಿಯನ್ನು ಏಕೆ ಬರೆಯಲಿಲ್ಲ ಎಂದು ಕೇಳಿದ್ದಕ್ಕೆ, ಉಪ್ಪಿನಕಾಯಿ ತಿಂದ ಮರುದಿನ, ಮುಟ್ಟಿನ ಹಿಂದಿನ ವಾರ ದೇಹವು ನೀರು ಹಿಡಿದುಕೊಂಡು ಒಂದು ಒಂದೂವರೆ ಕೆಜಿ ಮೇಲೆ ಕೆಳಗೆ ಆಗುತ್ತದೆ, ಒಂದೇ ಅಂಕಿ ಇಟ್ಟರೆ ತಿಂಗಳಿನಲ್ಲಿ ಹತ್ತು ದಿನ ನೀವು ಸುಮ್ಮಸುಮ್ಮನೆ ಅಳುತ್ತೀರಿ ಎಂದರು.

ಶೇ. 7 ಎಂಬುದನ್ನು ಅವರು ಗಾಳಿಯಿಂದ ಹಿಡಿದಿರಲಿಲ್ಲ. ಮಧುಮೇಹದ ಹೊಸ್ತಿಲಲ್ಲಿದ್ದವರನ್ನು ಇಟ್ಟುಕೊಂಡು ಅಮೆರಿಕದಲ್ಲಿ ನಡೆಸಿ 2002ರಲ್ಲಿ ಪ್ರಕಟಿಸಿದ ದೊಡ್ಡ ಅಧ್ಯಯನದ ಗುರಿಯೇ ಅದು, ಶೇ. 7ರಷ್ಟು ತೂಕ ಇಳಿಕೆ ಮತ್ತು ವಾರಕ್ಕೆ 150 ನಿಮಿಷ ನಡಿಗೆಯಂಥ ಚಟುವಟಿಕೆ. ಅದನ್ನು ಪಾಲಿಸಿದ ಗುಂಪಿನಲ್ಲಿ ಮಧುಮೇಹಕ್ಕೆ ಜಾರುವವರ ಪ್ರಮಾಣ ಶೇ. 58ರಷ್ಟು ತಗ್ಗಿತು. ನಮ್ಮವರದೇ ಇನ್ನೂ ಕುತೂಹಲದ ಸಂಗತಿಯೊಂದಿದೆ. ಚೆನ್ನೈನ ಎ. ರಾಮಚಂದ್ರನ್ ಮತ್ತು ಸಂಗಡಿಗರು 2006ರಲ್ಲಿ ಪ್ರಕಟಿಸಿದ ಭಾರತೀಯ ಅಧ್ಯಯನದಲ್ಲಿ, ಊಟ ಮತ್ತು ನಡಿಗೆಯನ್ನು ಬದಲಿಸಿಕೊಂಡವರಲ್ಲಿ ಸರಾಸರಿ ತೂಕ ಇಳಿಯದಿದ್ದರೂ ಮಧುಮೇಹದ ಅಪಾಯ ಶೇ. 28.5ರಷ್ಟು ಕಡಿಮೆಯಾಯಿತು. ಯಂತ್ರದ ಮುಳ್ಳು ಅಲುಗದ ವಾರಗಳಲ್ಲಿ ಇದನ್ನು ನೆನೆದು ನಾನು ಕುಂದವಾಡ ಕೆರೆಯ ಏರಿಯ ಮೇಲೆ ನಡೆಯುವುದನ್ನು ನಿಲ್ಲಿಸಲಿಲ್ಲ.

ದೂರದ ಗುರಿಯಿಂದ ಏನು ನಷ್ಟ, ಆಸೆ ದೊಡ್ಡದಿದ್ದರೆ ಒಳ್ಳೆಯದಲ್ಲವೇ ಎಂದು ನನ್ನ ಗೆಳತಿಯೊಬ್ಬಳು ವಾದಿಸಿದಳು. ದೂರದ ಗುರಿ ಇಟ್ಟವರೆಲ್ಲ ಸೋಲುತ್ತಾರೆ ಎಂದು ನಾನು ಹೇಳಲಾರೆ, ಕೆಲವರಿಗೆ ಅದೇ ಹುರುಪು. ಆದರೆ ನನ್ನ ಮಟ್ಟಿಗೆ ಏನಾಯಿತೆಂಬುದಕ್ಕೆ 1997ರ ಅಮೆರಿಕದ ಒಂದು ಅಧ್ಯಯನ ಕನ್ನಡಿ ಹಿಡಿದಂತಿದೆ. ಬೊಜ್ಜಿನ ಚಿಕಿತ್ಸೆಗೆ ಬಂದ 60 ಹೆಂಗಸರನ್ನು ನಿಮ್ಮ ಕನಸಿನ ತೂಕ ಯಾವುದು, ಸಂತೋಷ ಕೊಡುವುದು ಯಾವುದು, ಒಪ್ಪಬಹುದಾದದ್ದು ಯಾವುದು, ನಿರಾಸೆಯಾಗುವುದು ಯಾವುದು ಎಂದು ಮೊದಲೇ ಕೇಳಿ ಬರೆದುಕೊಂಡರು. ಅವರ ಸರಾಸರಿ ಗುರಿ ದೇಹತೂಕದ ಶೇ. 32ನ್ನು ಇಳಿಸುವುದಾಗಿತ್ತು. 48 ವಾರಗಳ ಚಿಕಿತ್ಸೆಯ ನಂತರ ಅವರು ಸರಾಸರಿ 16 ಕೆಜಿ ಇಳಿಸಿದ್ದರು. ಅದು ಯಾವ ವೈದ್ಯರನ್ನಾದರೂ ಮೆಚ್ಚಿಸುವ ಇಳಿಕೆ. ಆದರೂ ಅವರಲ್ಲಿ ಶೇ. 47ರಷ್ಟು ಮಂದಿ ತಾವೇ ‘ನಿರಾಸೆ’ ಎಂದು ಬರೆಸಿದ್ದ ತೂಕವನ್ನು ಕೂಡ ಮುಟ್ಟಿರಲಿಲ್ಲ. ಆ್ಯಪು ನನಗೆ ಹೇಳಿದ 23.4 ಕೆಜಿ ನನ್ನ ತೂಕದ ಶೇ. 30. ಆ ಹೆಂಗಸರ ಸಾಲಿನಲ್ಲಿ ನನ್ನನ್ನು ನಿಲ್ಲಿಸಿದ್ದು ನನ್ನ ದುರಾಸೆಯೊಂದೇ ಅಲ್ಲ, 3,999 ರೂಪಾಯಿಯ ಸಲಹೆಯೂ ಹೌದು.

ಮೂರು ತಿಂಗಳು ಮುಗಿದ ದಿನ ಪ್ಯಾಕೇಜಿನ ಅಂತಿಮ ವರದಿ ಬಂದಿತು. ಅಷ್ಟರಲ್ಲಿ ನನ್ನ ತೂಕ 75.1. ಮೂರು ಕೆಜಿ ಮುನ್ನೂರು ಗ್ರಾಂ ಇಳಿದಿತ್ತು, ಮೊಣಕಾಲು ಮೆಟ್ಟಿಲಿನ ಮೇಲೆ ಮೊದಲಿನಷ್ಟು ಗೊಣಗುತ್ತಿರಲಿಲ್ಲ. ವರದಿಯ ಮೊದಲ ಪುಟದಲ್ಲಿ ದಪ್ಪ ಅಕ್ಷರಗಳಲ್ಲಿ ‘ಗುರಿಯ ಶೇ. 14 ಪೂರ್ಣ’ ಎಂದಿತ್ತು. ಜಾರುವ ಗೆರೆಯಲ್ಲಿ ನಾನು ಗುರಿಯನ್ನು 72ಕ್ಕೆ ಬದಲಿಸಿ ಒಂದು ತಿಂಗಳಾಗಿತ್ತು, ಕೋಚಿನ ಕಡೆಯ ಲೆಕ್ಕದಲ್ಲಿ ಮಾತ್ರ 55 ಅಳಿಸಿರಲಿಲ್ಲ. ಅದೇ ಇಳಿಕೆಯನ್ನು ಔಷಧ ಚೀಟಿಯ ಹಿಂಬದಿಯ ಲೆಕ್ಕಕ್ಕೆ ಹಿಡಿದರೆ ಶೇ. 60. ಪರೀಕ್ಷೆಯ ಉತ್ತರಪತ್ರಿಕೆ ಒಂದೇ, ಅಂಕಗಳು ಹದಿನಾಲ್ಕು ಮತ್ತು ಅರವತ್ತು. ಇಪ್ಪತ್ತು ವರ್ಷ ಮೌಲ್ಯಮಾಪನ ಮಾಡಿರುವ ನನಗೆ ಮೊದಲ ಅಂಕಿ ಮಗುವನ್ನು ಶಾಲೆ ಬಿಡಿಸುವ ಅಂಕಿಯೆಂದು ಗೊತ್ತು.

ವರದಿಯ ಬೆನ್ನಿಗೇ ಕರೆ ಬಂದಿತು. ‘ಮೇಡಂ, ಇನ್ನೂ 20 ಕೆಜಿ ಬಾಕಿ ಇದೆ, ಆರು ತಿಂಗಳ ಪ್ಯಾಕೇಜಿಗೆ ರಿಯಾಯಿತಿ ಕೊಡುತ್ತೇವೆ.’ ಜಾರುವ ಗೆರೆಯ ಮುಳ್ಳು ಮೊದಲ ದಿನವೇ ಅಷ್ಟು ಕೆಳಗೆ ಹೋಗಿ ಕುಳಿತದ್ದು ಏಕೆ ಎಂಬ ಅನುಮಾನ ನನಗೆ ಬಂದದ್ದು ಆಗ. 73ಕ್ಕೆ ಬಂದು ನಿಲ್ಲುವ ಗ್ರಾಹಕಳಿಗೆ ಎರಡನೆಯ ಪ್ಯಾಕೇಜ್ ಬೇಕಾಗುವುದಿಲ್ಲ. 55ರ ಕಡೆಗೆ ನಡೆಯುತ್ತಿರುವವಳಿಗೆ ಎಷ್ಟು ಪ್ಯಾಕೇಜ್ ಕೊಟ್ಟರೂ ಸಾಲದು. ಇದು ನನ್ನ ಊಹೆ ಮಾತ್ರ, ಬಿಎಂಐ 22 ಎಂಬುದನ್ನು ಯಾರೋ ಎಂಜಿನಿಯರು ಸೋಮಾರಿತನದಿಂದ ತುಂಬಿದ್ದಿರಲೂಬಹುದು. ನಾನು ಪ್ಯಾಕೇಜನ್ನು ಮುಂದುವರಿಸಲಿಲ್ಲ.

ಈಗ ಒಂಬತ್ತನೆಯ ತಿಂಗಳು. ಇಂದು ಬೆಳಗಿನ ತೂಕ 71.6, ಸೊಂಟ 89, ಹೋದ ತಿಂಗಳಿನ ಎಚ್‌ಬಿಎ1ಸಿ 5.8. ಊಟ ಮನೆಯದೇ, ರೊಟ್ಟಿ ಮೂರರ ಬದಲು ಎರಡು, ಪಲ್ಯ ಮತ್ತು ಕಾಳು ಮೊದಲಿಗಿಂತ ಹೆಚ್ಚು, ಬೆಣ್ಣೆದೋಸೆ ತಿಂಗಳಿಗೊಮ್ಮೆ. ಮದುವೆ ಮನೆಗಳಲ್ಲಿ ‘ಏನಮ್ಮಾ, ಸೊರಗಿಬಿಟ್ಟಿದ್ದೀಯ, ಶುಗರ್ ಏನಾದರೂ ಬಂತಾ?’ ಎಂದು ಕೇಳುವವರು ಶುರುವಾಗಿದ್ದಾರೆ. ಅವರ ಲೆಕ್ಕದಲ್ಲಿ ನಾನು ಈಗಾಗಲೇ ಗುರಿ ದಾಟಿ ಆಚೆಗೆ ಹೋಗಿದ್ದೇನೆ. ಆ್ಯಪನ್ನು ತೆರೆದರೆ ಮಾತ್ರ 72ರ ಪಕ್ಕದಲ್ಲಿ ಕೆಂಪು ಗೆರೆ ಇನ್ನೂ ಇದೆ, ಗುರಿ ಮುಟ್ಟಿದ್ದಕ್ಕೆ ಬರಬೇಕಾದ ಪಟಾಕಿಯ ಚಿತ್ರ ಬರಲಿಲ್ಲ. ‘ವ್ಯಾಪ್ತಿಯ ಹೊರಗಿನ’ ಗುರಿಗಳಿಗೆ ಅದು ಪಟಾಕಿ ಹಚ್ಚುವುದಿಲ್ಲವೆಂದು ಕಾಣುತ್ತದೆ.

ಕೊಳ್ಳಬೇಕೆಂದಿರುವವರಿಗೆ ನನ್ನ ಸಲಹೆ ಇಷ್ಟು. ಯಂತ್ರವನ್ನು ಧಾರಾಳವಾಗಿ ಕೊಳ್ಳಬಹುದು. ಆ ಬೆಲೆಗೆ ತೂಕವನ್ನು ನಿಖರವಾಗಿ ತೋರಿಸುತ್ತದೆ, ವಾರದ ಸರಾಸರಿಯ ಗೆರೆಯನ್ನು ಆ್ಯಪು ಚೆನ್ನಾಗಿ ಎಳೆಯುತ್ತದೆ, ದಿನದ ಏರಿಳಿತಕ್ಕಿಂತ ಆ ಗೆರೆಯನ್ನು ನೋಡುವುದು ಮೇಲು. ಕೊಬ್ಬಿನ ಅಂಕಿಯನ್ನು ನೋಡಲೇಬೇಕೆಂದಿದ್ದರೆ ತಿಂಗಳಿಗೊಮ್ಮೆ, ಎದ್ದಕೂಡಲೇ, ಒಣಪಾದದಲ್ಲಿ ನೋಡಿ. ಗುರಿ ಕೇಳುವ ಪರದೆ ಬಂದಾಗ ಮುಳ್ಳನ್ನು ಅದು ಕುಳಿತ ಜಾಗದಿಂದ ಎತ್ತಿ, ನಿಮ್ಮ ಈಗಿನ ತೂಕದ ಶೇ. 5ರಿಂದ 7ರಷ್ಟು ಕೆಳಗೆ ಇಡಿ. ಕೆಂಪು ಗೆರೆ ಬರುತ್ತದೆ, ಬರಲಿ. ಸಕ್ಕರೆ, ರಕ್ತದೊತ್ತಡ, ಥೈರಾಯ್ಡ್‌ಗಳಿಗೆ ಮಾತ್ರೆ ನುಂಗುವವರು ಆ ಅಂಕಿಯನ್ನು ನಿಮ್ಮ ವೈದ್ಯರಿಗೆ ತೋರಿಸದೆ ಇಡಬೇಡಿ, ತೂಕ ಇಳಿದಂತೆ ಮಾತ್ರೆಯ ಪ್ರಮಾಣವೂ ಬದಲಾಗಬೇಕಾಗಬಹುದು. ಮನೆಯಲ್ಲಿ ಹದಿಹರೆಯದ ಮಕ್ಕಳಿದ್ದರೆ ಆ್ಯಪಿಗೆ ಬೀಗ ಹಾಕಿಡಿ. ಕೋಚಿಂಗ್ ಪ್ಯಾಕೇಜನ್ನು ನಾನು ಯಾರಿಗೂ ಹೇಳಲಾರೆ, ಆ ಹಣಕ್ಕೆ ಆಹಾರ ತಜ್ಞೆಯ ಬಳಿಗೆ ಒಂಬತ್ತು ಸಲ ಹೋಗಿ ಬಂದು, ಉಳಿದ ಚಿಲ್ಲರೆಯಲ್ಲಿ ಟೇಪು ಕೊಳ್ಳಬಹುದು.

ಆಹಾರ ತಜ್ಞೆ ಚೀಟಿಯಲ್ಲಿ ಬರೆದುಕೊಟ್ಟ ‘ನಿಲ್ಲುವ’ ಮೂರು ತಿಂಗಳಿನ ನಡುವೆ ನಾನಿದ್ದೇನೆ. ಮುಂದಿನ ತಿಂಗಳು 12ಕ್ಕೆ ಮತ್ತೆ ಅವರ ಬಳಿ ಹೋಗಬೇಕು, 68ರ ಕಡೆಗೆ ಹೋಗುವುದೋ ಇಲ್ಲಿಯೇ ಇರುವುದೋ ಎಂಬುದನ್ನು ಅಂದಿನ ರಕ್ತಪರೀಕ್ಷೆಯನ್ನು ನೋಡಿ ಬರೆಯುತ್ತೇವೆ ಎಂದಿದ್ದಾರೆ. ರವಿಕೆಯನ್ನು ಮೊನ್ನೆ ಟ್ರಂಕಿನಿಂದ ತೆಗೆದು ಟೈಲರಿಗೆ ತೋರಿಸಿದೆ. ಎರಡೂ ಬದಿಯ ಹೊಲಿಗೆಯೊಳಗೆ ಒಂದೊಂದು ಇಂಚು ಬಟ್ಟೆ ಮಡಚಿಟ್ಟಿದ್ದಾರೆ, ಬಿಚ್ಚಿದರೂ ನಿಮಗೆ ಸಾಲುವುದಿಲ್ಲ, ಕಂಕುಳಿಗೆ ಬೇರೆ ಬಟ್ಟೆ ಕೂಡಿಸಬೇಕು, 250 ರೂಪಾಯಿ ಆಗುತ್ತದೆ ಎಂದರು. ಕೂಡಿಸಿ ಎಂದು ಕೊಟ್ಟು ಬಂದಿದ್ದೇನೆ.